ಹಲಗೆಯ ಮೂರನೇ ಸಾಲು

ನಮ್ಮ ಫುಟ್‌ಬಾಲ್ ತಂಡದ ಉಸ್ತಾದರ ಹೆಸರುಗಳನ್ನೆಲ್ಲ ಒಂದು ಹಲಗೆಯ ಮೇಲೆ ಬರೆದುಕೊಡು ಎಂದು ನನ್ನನ್ನು ಕೇಳಿದವನು ಆಗ ಉಸ್ತಾದನಾಗಿದ್ದವನೇ. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಹೊಳಗುಂದದ ಕಡೆಯ ಕುರಿ ಸಾಕುವವರ ಮನೆಯಿಂದ ಅವನನ್ನು ಕರೆತಂದು ತಂಡಕ್ಕೆ ಸೇರಿಸಿದವನು ನಾನು. ನೋಡಿ, ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ನನ್ನನ್ನು ನಾನೇ ಎಳೆದು ತಂದೆ. ಹೊಟ್ಟೆಕಿಚ್ಚಿನಿಂದ ಬರೆಯುವವನ ಗುರುತು ಇದು. ಮುಚ್ಚಿಡುವುದಿಲ್ಲ.

"ಅಣ್ಣಾ, ನಿನ್ನ ಅಕ್ಷರ ಅಂಡಗಿ ಮ್ಯಾಲ ಮುಂಬೈತನಕ ಓಡ್ಯಾಡತಾವ. ನಮ್ಮ ಗ್ವಾಡಿ ಮ್ಯಾಲೂ ಒಂದೀಟು ಕುಂದ್ರಲಿ," ಎಂದ.

ಆದವಾನಿಯ ಒಂದು ಹತ್ತಿ ಪ್ರೆಸ್ಸಿನಲ್ಲಿ ನನ್ನ ಕೆಲಸ ಎರಡು. ಹತ್ತಿ ತುಂಬಿದ ದೊಡ್ಡ ಚೀಲಗಳ, ಅಂದರೆ ಅಂಡಿಗೆಗಳ ಬಾಯಿ ಹೊಲಿಯುವುದು. ಹೊಲಿದ ಮೇಲೆ ಕರಿ ಬಣ್ಣದಲ್ಲಿ ಅವುಗಳ ಮೇಲೆ ಮಾರ್ಕಾ ಬರೆಯುವುದು. ಹಲಗೆ ನನ್ನ ಪಾಲಿಗೆ ಬಂದದ್ದು ಎರಡನೇ ಕೆಲಸದ ದೆಸೆಯಿಂದ. ಹಲಗೆಯ ಮೇಲೆ ನನಗೆ ಜಾಗ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟಿದ್ದು ಮೊದಲನೇ ಕೆಲಸದ ದೆಸೆಯಿಂದ.

"ಕನ್ನಡದಾಗ ಬರೀಲೋ, ತೆಲುಗಿನಾಗೋ?"

"ಯಾವುದಾದ್ರೂ ನನಗ ಒಂದ. ಎರಡೂ ಇರಿವಿ ಸಾಲಿನಂಗ ಕಾಣತಾವ."

ಅವನಿಗೆ ಓದು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವವನು.

"ಎಷ್ಟು ಸಾಲು?"

"ನಾಕು." ಬೆರಳು ಮಡಚಿದ. "ಪಲ್ಟನ್ ಉಸ್ತಾದರು, ರೈಲು ದೊರಿ, ನೀನು, ನಾನು."

'ನೀನು' ಎನ್ನುವಾಗ ಅವನ ಬೆರಳು ಸ್ವಲ್ಪವಾದರೂ ತಡವರಿಸಿತೇ ಎಂದು ನೋಡಿದೆ. ತಡವರಿಸಲಿಲ್ಲ. ತಡವರಿಸಿದ್ದರೆ ಚೆನ್ನಾಗಿತ್ತು, ಜಗಳಕ್ಕೆ ಒಂದು ಎಳೆ ಸಿಗುತ್ತಿತ್ತು.

ಈಗ ಆ ನಾಲ್ವರ ವಿಷಯ ಹೇಳಬೇಕು. ನೆನಪು ಸಾಲಾಗಿ ಬರುವುದಿಲ್ಲ, ಹಲಗೆಗೆ ಮಾತ್ರ ಸಾಲು ಬೇಕು. ಹಾಗಾಗಿ ಸಾಲಾಗಿಯೇ ಹೇಳುತ್ತೇನೆ, ಆದರೆ ಪೂರ್ತಿ ನಂಬಬೇಡಿ.

ತಂಡ ಕಟ್ಟಿದ್ದು ಪ್ರೆಸ್ಸಿನ ಸಾಹುಕಾರರು. ಹಣೆಗೆ ವಿಭೂತಿ, ಬಿಳಿ ರುಮಾಲು. ಒಂದು ಸಲವೂ ಚೆಂಡು ಒದ್ದವರಲ್ಲ. ಬಳ್ಳಾರಿಯ ಯಾರೋ ವ್ಯಾಪಾರಿ ತಂಡ ಇಟ್ಟಿದ್ದಾನೆಂದು ಕೇಳಿ ತಾವೂ ಇಟ್ಟರು. ಅವರದೂ ಹೊಟ್ಟೆಕಿಚ್ಚೇ ಎಂದು ಈಗ ಹೊಳೆಯುತ್ತದೆ. ಆಡುವವರಿಗೆ ಪ್ರೆಸ್ಸಿನಲ್ಲಿ ಅರ್ಧ ದಿನ ಕೆಲಸ, ಪೂರ್ತಿ ಸಂಬಳ. ಉಳಿದರ್ಧ ದಿನ ಬೆಟ್ಟದ ಬುಡದ ಮೈದಾನ.

ಮೊದಲ ಉಸ್ತಾದರು ಪಲ್ಟನ್ನಿನಿಂದ ಬಂದವರು. ಬಳ್ಳಾರಿಯ ದಂಡಿನಲ್ಲಿ ಗೋರಾ ಸಿಪಾಯಿಗಳ ಆಟ ನೋಡಿ ಕಲಿತದ್ದು. ಮನೆಮಾತು ಉರ್ದು, ಬೈಗುಳ ಕನ್ನಡದಲ್ಲಿ. ಅಂಡಿಗೆಯೊಳಗೆ ಇಳಿದು ಹತ್ತಿ ತುಳಿಯುತ್ತಿದ್ದವರ ಕಾಲುಗಳನ್ನು ನೋಡಿಯೇ ಅವರು ಆಟಗಾರರನ್ನು ಆರಿಸಿದರು. ಯಾರಾದರೂ ಚೆಂಡನ್ನು ಬಿಟ್ಟುಕೊಡದೆ ಎಳೆದಾಡಿದರೆ ಮೈದಾನದ ಆಚೆ ತುದಿಯಿಂದ ಕೂಗುತ್ತಿದ್ದರು: "ಅರೇ, ಚೆಂಡು ನಿನ್ನ ಜೋರೂ ಏನಲೇ? ಹಿಡ್ಕೊಂಡು ತಿರಗಾಕ ಹತ್ತಿ! ಛೋಡ್!" ಜೋರೂ ಎಂದರೆ ಹೆಂಡತಿ. ಆಗಷ್ಟೇ ಮದುವೆಯಾಗಿದ್ದ ನನಗೆ ಆ ಬೈಗುಳ ಎಲ್ಲರಿಗಿಂತ ಹೆಚ್ಚು ಸಿಕ್ಕಿತು.

ಪಂದ್ಯದ ದಿನ ಬೆಳಿಗ್ಗೆ ಅವರು ಪ್ರೆಸ್ಸಿನ ಅಂಗಳದಲ್ಲಿ ಒಂದು ಅಂಡಿಗೆಯ ಮೇಲೆ ಕೂತು, ಚೆಂಡನ್ನು ಮೊಣಕಾಲುಗಳ ನಡುವೆ ಹಿಡಿದು ಬಾಯಿ ಕಟ್ಟುತ್ತಿದ್ದರು. ಆಗಿನ ಚೆಂಡಿಗೆ ಬಾಯಿ ಇರುತ್ತಿತ್ತು. ಒಳಗೆ ರಬ್ಬರಿನ ಬ್ಲಾಡರ್. ಅದಕ್ಕೆ ಗಾಳಿ ಹೊಡೆದು, ಕುತ್ತಿಗೆ ಬಿಗಿದು, ಒಳಗೆ ತಳ್ಳಿ, ಮೇಲಿನ ಚರ್ಮದ ಸೀಳನ್ನು ದಾರದಿಂದ ಹೆಣೆಯಬೇಕು. ಕಟ್ಟಿದ ಮೇಲೆ ಹನ್ನೊಂದು ಜನರೂ ಒಬ್ಬೊಬ್ಬರಾಗಿ ಬಂದು ಚೆಂಡು ಮುಟ್ಟಬೇಕು. ಸೀಟಿಯಾಗಲಿ ಕುರ್ಚಿಯಾಗಲಿ ನಮ್ಮಲ್ಲಿ ಉಸ್ತಾದನ ಗುರುತಲ್ಲ. ಚೆಂಡಿನ ಬಾಯಿ ಕಟ್ಟುವವನೇ ಉಸ್ತಾದ.

ಕೊನೆಯ ವರ್ಷಗಳಲ್ಲಿ ಅವರ ಕಣ್ಣು ಮಬ್ಬಾಯಿತು. ಪಕ್ಕದಲ್ಲಿ ನಿಂತು ಚೆಂಡು ಯಾರ ಹತ್ತಿರ ಇದೆ ಎಂದು ನಾನು ಹೇಳುತ್ತಿದ್ದೆ. ಅವರು ಅದರಂತೆ ಬೈಯುತ್ತಿದ್ದರು. ಅವರು ಮಗಳ ಊರಿಗೆ ಹೋದಾಗ, ಮುಂದಿನ ಉಸ್ತಾದ ನಾನೇ ಎಂದು ಕಾದೆ. ಸಾಹುಕಾರರು ಗುಂತಕಲ್ಲಿನಿಂದ ರೈಲು ದೊರೆಯನ್ನು ಕರೆತಂದರು.

ಅವರು ಎಂಜಿನ್ ಓಡಿಸುವವರು. ಹುಟ್ಟಿನಿಂದ ಅರ್ಧ ಇಂಗ್ಲಿಷರು, ಮಾತು ಪೂರ್ತಿ ತೆಲುಗು. ವಾರಕ್ಕೆರಡು ದಿನ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿದು, ಜೇಬಿನಿಂದ ಕಲ್ಲಿದ್ದಲಿನ ಚೂರು ತೆಗೆದು, ಪ್ರೆಸ್ಸಿನ ಸುಣ್ಣದ ಗೋಡೆಯ ಮೇಲೆ ಹನ್ನೊಂದು ಚುಕ್ಕೆ ಹಾಕಿ, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆಯುತ್ತಿದ್ದರು. ನನ್ನ ಚುಕ್ಕೆ ಯಾವಾಗಲೂ ಹಿಂದೆ, ಬಲಗಡೆ. ಅವರು ಹೋದ ಮೇಲೆ ಒಂದು ಸಲ ಅದನ್ನು ಬೆರಳಿನಿಂದ ಒರೆಸಿ ಮುಂದೆ ಇಟ್ಟಿದ್ದೆ. ಮುಂದಿನ ವಾರ ಅವರು ಏನೂ ಕೇಳದೆ ಮತ್ತೆ ಹಿಂದಕ್ಕೆ ಹಾಕಿದರು.

ಅವರು ಬಾಯಿ ಕಟ್ಟುವಾಗ ಚೆಂಡು ಹಿಡಿದುಕೊಳ್ಳುವುದು ನನ್ನ ಪಾಲು. "ಮುಡಿ ಗಟ್ಟಿಗಾ ವದ್ದು ಬಾಬೂ, ಎಪ್ಪುಡೈನಾ ವಿಪ್ಪಾಲಿ ಕದಾ," ಎನ್ನುತ್ತಿದ್ದರು. ಗಂಟು ಬಿಗಿ ಬೇಡ, ಯಾವತ್ತಾದರೂ ಬಿಚ್ಚಬೇಕಲ್ಲ. ಅಂಡಿಗೆ ಹೊಲಿಯುವ ನನಗೆ ಇವರು ಗಂಟು ಕಲಿಸುತ್ತಾರಲ್ಲ ಎಂದುಕೊಂಡೆ.

ಯುದ್ಧ ಶುರುವಾಯಿತು. ಗಾಡಿಗಳ ತುಂಬ ಸಿಪಾಯಿಗಳು, ಅವರಿಗೆ ರಜೆ ಇಲ್ಲದಾಯಿತು. ಬರುವುದು ನಿಂತಿತು. ಸಾಹುಕಾರರು ಗಾದಿಯ ಮೇಲೆ ಕೂತು ಹತ್ತಿಯ ಎಳೆ ಜಗ್ಗಿ ನೋಡುತ್ತ, ತಲೆ ಎತ್ತದೆ ಹೇಳಿದರು: "ಸದ್ಯಕ ನೀನ ನೋಡ್ಕೋ ತಮ್ಮಾ."

ಮನೆಗೆ ಹೋಗುವ ದಾರಿಯಲ್ಲಿ 'ಸದ್ಯಕ' ಎಲ್ಲೋ ಬಿದ್ದುಹೋಯಿತು. ಹೆಂಡತಿಗೆ ಹೇಳಿದೆ: "ನಾನ ಉಸ್ತಾದ."

"ಸಾವ್ಕಾರ್ರು ಹಂಗಂದ್ರಾ, ನೀವ ಅಂದ್ಕೊಂಡಿರಾ?" ಎಂದಳು.

ಆ ಒಂದು ಹತ್ತಿ ಸುಗ್ಗಿ ನನ್ನದು. ಹಲಗೆಯ ಮೂರನೇ ಸಾಲು ಎಂದರೆ ಅದೇ. ಎಷ್ಟು ಪಂದ್ಯ, ಎಷ್ಟು ಗೆಲುವು ಎಂದು ಕೇಳಿದರೆ ನೆನಪು ತಟ್ಟನೆ ಉತ್ತರ ಕೊಡುತ್ತದೆ, ಎಲ್ಲ ಗೆದ್ದೆವು ಎಂದು. ಅಷ್ಟು ಬೇಗ ಬರುವ ಉತ್ತರವನ್ನು ನಾನು ನಂಬುವುದಿಲ್ಲ.

ಸುಗ್ಗಿಯ ನಡುವೆ ಅವನು, ಮುಂದೆ ನನ್ನಿಂದ ಹಲಗೆ ಬರೆಸಿದವನು, ಮುಂಬೈನಿಂದ ಬಂದ. ಎರಡು ವರ್ಷ ನಮ್ಮಲ್ಲಿ ಆಡಿ, ಆಮೇಲೆ ಸೋದರಮಾವನ ಹಿಂದೆ ಅಲ್ಲಿನ ಗಿರಣಿಗೆ ಹೋಗಿ, ಗಿರಣಿಯ ತಂಡದಲ್ಲಿ ಆಡಿ ಬಂದಿದ್ದ. ಮೈಮೇಲೆ ಪಟ್ಟೆ ಪಟ್ಟೆಯ ಸ್ವೆಟರು, ಆದವಾನಿಯ ಆ ಬಿಸಿಲಿನಲ್ಲಿ.

"ಅಣ್ಣಾ, ಉಸ್ತಾದ ಆದಿಯಂತಲ್ಲ! ನಾನು ಎಲ್ಲಿ ನಿಂದ್ರಲಿ ಹೇಳು."

ಅವನು ಗೋಲು ಹೊಡೆಯುವವನು. ನಾನು ಅವನನ್ನು ಹಿಂದೆ, ಎಡಗಡೆ ನಿಲ್ಲಿಸಿದೆ. ತಂಡದ ಹಿತಕ್ಕೆ ಎಂದು ಎಲ್ಲರಿಗೂ ಹೇಳಿದೆ. ಅವನು ಅಲ್ಲೇ ನಿಂತ. ಅಲ್ಲೂ ಚೆನ್ನಾಗಿ ಆಡಿದ. ಅದನ್ನು ನಾನು ಈ ಹೊತ್ತಿಗೂ ಕ್ಷಮಿಸಿಲ್ಲ.

ಸುಗ್ಗಿಯ ಕೊನೆಯಲ್ಲಿ ಬಳ್ಳಾರಿಯ ತಂಡ ಬಂತು. ಸಾಹುಕಾರರು ಮದರಾಸಿನಿಂದ ಹೊಸ ಚೆಂಡು ತರಿಸಿದ್ದರು. ಬೆಳಿಗ್ಗೆ ನಾನು ಅಂಡಿಗೆಯ ಮೇಲೆ ಕೂತೆ. ಸುತ್ತ ಎಲ್ಲರೂ ನಿಂತರು.

ಅಂಡಿಗೆ ಹೊಲಿಯುವವನಿಗೆ ಒಂದು ಜಂಬ ಇರುತ್ತದೆ. ದಾರಿಯಲ್ಲಿ ಯಾರೂ ಹೊಲಿಗೆ ಬಿಚ್ಚಿ, ಹತ್ತಿ ತೆಗೆದು, ಮತ್ತೆ ಹೊಲಿಯಲಾಗಬಾರದು. ಅದಕ್ಕೆ ದಾರದ ತುದಿಯನ್ನು ದಬ್ಬಣದಿಂದ ಒಳಕ್ಕೆ ಚುಚ್ಚಿ ಹೂತುಬಿಡುತ್ತೇವೆ. ತುದಿಯೇ ಕಾಣದಿದ್ದರೆ ಬಿಚ್ಚುವವನು ಎಲ್ಲಿಂದ ಶುರು ಮಾಡಬೇಕು? ಆ ದಿನ ಚೆಂಡಿನ ಬಾಯಿಯನ್ನು ನಾನು ಹಾಗೆಯೇ ಕಟ್ಟಿದೆ. ಪಲ್ಟನ್ನಿನವರೂ ಕಟ್ಟದ, ರೈಲಿನವರೂ ಕಟ್ಟದ ಗಂಟು. ತುದಿಯನ್ನು ದಬ್ಬಣದಿಂದ ಒಳಗೆ ತಳ್ಳಿ, ಹೆಬ್ಬೆರಳಿನಿಂದ ಸವರಿದೆ. ಎಲ್ಲಿ ಮುಗಿಯಿತು ಎಂದು ತಿಳಿಯುತ್ತಿರಲಿಲ್ಲ.

ಎಲ್ಲರೂ ಮುಟ್ಟಿದರು. ಅವನೂ ಮುಟ್ಟಿ, ಒತ್ತಿ ನೋಡಿ, ಅಂದ: "ಅಣ್ಣಾ, ಅಂಡಗಿ ಹೊಲದಂಗ ಹೊಲದಿಯಲ್ಲ! ಇದನ್ನ ಬಿಚ್ಚಾಕ ಮುಂಬೈಗೇ ಕಳಿಸಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದು ಚೆನ್ನಾಗಿ ನೆನಪಿದೆ, ದವಡೆ ನೋಯುತ್ತಿತ್ತು.

ಮುಂದಿನದನ್ನು ಎರಡು ಸಲ ಹೇಳಬೇಕು. ಮೊದಲು, ನಾನು ನಾಲ್ಕೈದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದದ್ದು. ಅರ್ಧ ಆಟದ ಹೊತ್ತಿಗೆ ಚೆಂಡು ಮೆತ್ತಗಾಯಿತು. ಜಾಲಿ ಮುಳ್ಳು ಚುಚ್ಚಿತ್ತು. ನಾನು ದಾರ ಕತ್ತರಿಸಿ ಬ್ಲಾಡರ್ ಬದಲಿಸಿದೆ. ಮತ್ತೆ ಕಟ್ಟಲು ದಾರ ಇಲ್ಲ. ಎಲ್ಲರೂ ಕೈಚೆಲ್ಲಿ ನಿಂತಾಗ, ನಾನು ಸೊಂಟಕ್ಕೆ ಕೈಹಾಕಿ, ನನ್ನ ಉಡದಾರವನ್ನೇ ಕತ್ತರಿಸಿ ಚೆಂಡು ಕಟ್ಟಿದೆ. ಗಂಡಸಿನ ಉಡದಾರ ಹರಿಯುವುದು ಅವನು ಸತ್ತಾಗ. ಬದುಕಿರುವಾಗಲೇ, ಅಷ್ಟು ಜನರ ಎದುರಿಗೆ, ನಾನು ಹರಿದೆ. ಹೀಗೆ ಹೇಳುವಾಗ ಚಾಕುವಿನ ತಂಪು ಸೊಂಟಕ್ಕೆ ತಾಗಿದ್ದು ಕೂಡ ನನಗೆ ನೆನಪಾಗುತ್ತಿತ್ತು.

ಹಲಗೆಯ ಮಾತು ಬಂದ ವಾರ ಮದ್ದಿಕೇರದಿಂದ ಬಂದ ನೆಂಟರಿಗೆ ಇದನ್ನೇ ಹೇಳುತ್ತಿದ್ದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು.

"ನಿಮ್ಮ ಉಡದಾರದಾಗ ಬೆಳ್ಳಿ ಗುಂಡು ಐತಲ್ಲ, ಲಗ್ನದಾಗ ನಮ್ಮಪ್ಪ ಹಾಕಿಸಿದ್ದು. ಉಡದಾರ ಹರದಿದ್ರ ಆ ಗುಂಡು ಚೆಂಡಿನ್ಯಾಗ ಇರಬೇಕಿತ್ತು. ನಿಮ್ಮ ನಡದಾಗ ಹೆಂಗ ಉಳೀತು?"

ನೆಂಟರು ನಕ್ಕರು. ನಾನು ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿಕೊಂಡೆ. ಗುಂಡು ಇತ್ತು.

ಎರಡನೇ ಸಲ ಹೇಳುತ್ತೇನೆ. ಚೆಂಡು ಮೆತ್ತಗಾದದ್ದು ನಿಜ. ಬದಲಿ ಬ್ಲಾಡರ್ ನನ್ನ ಚೀಲದಲ್ಲಿತ್ತು, ಅದೂ ನಿಜ. ಆದರೆ ನಾನು ಕಟ್ಟಿದ ಬಾಯಿಯನ್ನು ನನಗೇ ಬಿಚ್ಚಲಾಗಲಿಲ್ಲ. ತುದಿ ಎಲ್ಲಿದೆ ಎಂದು ಉಗುರಿನಿಂದ ಕೆದಕಿದೆ. ಪಂದ್ಯ ನಡೆಸುತ್ತಿದ್ದ ಡ್ರಿಲ್ ಮಾಸ್ತರರು ಗಡಿಯಾರ ನೋಡಿದರು. ಬಳ್ಳಾರಿಯವರು ಸುಮ್ಮನೆ ಕೂತು ಸೇಂಗಾ ತಿನ್ನುತ್ತಿದ್ದರು. ಕೊನೆಗೆ ಚಾಕು ಹಾಕಿ ಕೊಯ್ದೆ. ದಾರ ಐದಾರು ತುಂಡಾಯಿತು. ದಿನವಿಡೀ ಸುತಳಿಯ ನಡುವೆ ಬದುಕುವ ನನ್ನ ಹತ್ತಿರ ಆ ಹೊತ್ತಿಗೆ ಒಂದು ಗೇಣು ಸುತಳಿ ಇರಲಿಲ್ಲ. ಉಂಡೆಗಳೆಲ್ಲ ಪ್ರೆಸ್ಸಿನಲ್ಲಿ, ನಾವು ಬೆಟ್ಟದ ಬುಡದಲ್ಲಿ. ಆಗೆಲ್ಲ ಎರಡೂ ಕಡೆಯವರು ಬರಿಗಾಲಿನಲ್ಲಿ ಆಡುವವರು, ಬೂಟಿನ ದಾರವೂ ಇಲ್ಲ.

"ಯಾರಾದ್ರೂ ಚಡ್ಡಿ ಲಾಡಿ ಕೊಡ್ರಲೇ," ಎಂದು ನಮ್ಮ ಗೋಲು ಕಾಯುವವನು ಕೂಗಿದ.

"ನೀನ ಕೊಡು. ನಿಂತ ಜಾಗಾ ಬಿಟ್ಟು ಓಡಾಡಂಗಿಲ್ಲಲ್ಲ ನೀನು," ಎಂದು ಇನ್ನೊಬ್ಬ.

ಆ ನಗೆಯ ನಡುವೆ ಮುಂಬೈನಿಂದ ಬಂದವನು ನನ್ನ ಕೈಯಿಂದ ಚಾಕು ತೆಗೆದುಕೊಂಡ. ಸ್ವೆಟರು ಎತ್ತಿದ. ಕರಿ ಉಡದಾರ, ಎರಡು ಸುತ್ತಿನದು. ಕತ್ತರಿಸಿದ.

ನಗೆ ನಿಂತಿತು. ನೋಡಲು ಬಂದಿದ್ದ ಹಿರಿಯರೊಬ್ಬರು ಎದ್ದರು: "ಏ, ಏ! ಬದುಕಿದ್ದಾಗ ಯಾರಾದ್ರೂ ಉಡದಾರ ಹರಕೊಂತಾರೇನೋ ಖೋಡಿ!"

"ಸಾಯೂದಾಗಿದ್ರ ಮುಂಬೈನಾಗ ಸಾಯತಿದ್ದೆ ಮಾವಾ. ಹೊತ್ತು ಮುಳುಗತೈತಿ, ಆಡಾಕ ಬಿಡ್ರಿ."

ಹಾಗೆಂದು ದಾರವನ್ನು ನನ್ನ ಕಡೆ ಚಾಚಿದ. "ಕಟ್ಟಣ್ಣಾ. ಸಡ್ಲ ಇರಲಿ."

ನನ್ನ ಸೊಂಟದಲ್ಲೂ ಒಂದು ಇತ್ತು. ಅದೇ ಉದ್ದ, ಅದೇ ಬಣ್ಣ. ನನಗೆ ಯಾಕೆ ಹೊಳೆಯಲಿಲ್ಲ? ಅವನಿಗೆ ಹೊಳೆದ ಮೇಲೂ, ಅವನು ಚಾಕು ಹಾಕುವ ಮೊದಲು ಒಂದು ಗಳಿಗೆ ಇತ್ತು. ನಾನು ತಡೆಯಬಹುದಿತ್ತು, ನನ್ನದನ್ನು ಕತ್ತರಿಸಬಹುದಿತ್ತು. ಬೆಳ್ಳಿ ಗುಂಡಿನ ನೆನಪಾಯಿತು, ಅದನ್ನು ಹಾಕಿಸಿದ ಮಾವನ ಮುಖದ ನೆನಪಾಯಿತು. ಅಷ್ಟರಲ್ಲಿ ಆ ಗಳಿಗೆ ಅವನದಾಯಿತು.

ಚೆಂಡನ್ನು ಮತ್ತೆ ಕಟ್ಟಿದವರು ಯಾರು? ನನ್ನ ಕೈಗಳು ಕಟ್ಟಿದಂತೆ ಒಂದು ನೆನಪು, ಅವನ ಕೈಗಳನ್ನು ನೋಡುತ್ತ ನಿಂತಂತೆ ಇನ್ನೊಂದು. ಎರಡರಲ್ಲೂ ಗಂಟು ಸಡಿಲವಾಗಿಯೇ ಇದೆ.

ಇನ್ನೊಂದು ಉಳಿದಿದೆ. ಹಳೆಯ ಬ್ಲಾಡರನ್ನು ಅವನು ಎತ್ತಿ, ಊದಿ, ಕೆನ್ನೆಗೆ ಹಿಡಿದು ತೂತು ಹುಡುಕಿದ. ಮುಳ್ಳು ಚುಚ್ಚಿದರೆ ದುಂಡನೆಯ ತೂತು. ಇದು ಸಣ್ಣ ಗೀರು. ದಬ್ಬಣದ ತುದಿ ಚಪ್ಪಟೆ. ಅವನು ಗೀರು ನೋಡಿದ, ನನ್ನನ್ನು ನೋಡಿದ, ಬ್ಲಾಡರನ್ನು ಮಡಚಿ ಸ್ವೆಟರಿನೊಳಗೆ ಇಟ್ಟುಕೊಂಡ. ಟಾಂಗಾದಿಂದ ಇಳಿದು ಬಂದ ಸಾಹುಕಾರರು ಕೇಳಿದರು: "ಏನಾತಲೇ? ಹೊಸಾ ಚೆಂಡು!"

"ಜಾಲಿ ಮುಳ್ಳು, ಸಾವ್ಕಾರ್ರ," ಎಂದ ಅವನು.

ನಾನು ವರ್ಷಗಟ್ಟಲೆ ಹೇಳಿದ ಸುಳ್ಳು ಕೂಡ ನನ್ನದಾಗಿರಲಿಲ್ಲ.

ಪಂದ್ಯ ಸಮವಾಯಿತು. ಗೆದ್ದೆವು ಎಂದು ಕೆಲವರಿಗೆ ಹೇಳಿದ್ದೇನೆ. ಸಮವೇ. ಎರಡು ದಿನ ಬಿಟ್ಟು ಸಾಹುಕಾರರು ಇಬ್ಬರನ್ನೂ ಕರೆಸಿ, "ನಿನ್ನ ಕೈ ಅಂಡಗಿಗೆ ಬೇಕು ತಮ್ಮಾ. ಚೆಂಡಿಂದು ಇನ್ನ ಈತ ನೋಡ್ಕೊಳ್ಳಲಿ," ಎಂದರು. ಈ ಸಲ 'ಸದ್ಯಕ' ಎನ್ನಲಿಲ್ಲ. ನಾನು ಕಿವಿಗೊಟ್ಟು ಕಾದಿದ್ದೆ.

ಅವನ ಕಾಲ ಶುರುವಾಯಿತು. ಒಂದು ವಾರ ಚೆಂಡೇ ಇಲ್ಲದೆ ಓಡಿಸಿದ. ಇದ್ದಂತೆ ಆಡಿರಿ ಎಂದ. ಹತ್ತಿ ತುಳಿಯುವವರೆಲ್ಲ ಇಲ್ಲದ ಚೆಂಡಿಗೆ ಒದೆಯುವುದನ್ನು ನೋಡಿ ಊರು ನಕ್ಕಿತು. ನಾನು ಅಂಗಳದಲ್ಲಿ ಹೊಲಿಯುತ್ತ ಎಲ್ಲರಿಗಿಂತ ಜೋರಾಗಿ ನಕ್ಕೆ. ಮೂರು ತಿಂಗಳಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು ನಿಂತಿತು. ನೋಡದೆಯೇ ಯಾರು ಎಲ್ಲಿದ್ದಾರೆಂದು ತಿಳಿಯತೊಡಗಿದರು. ನಾನು ತಪ್ಪುಗಳಿಗಾಗಿ ಹುಡುಕಿದೆ. ಅವನಿಗೆ ಸೀಟಿ ಊದಲು ಸರಿಯಾಗಿ ಬರುತ್ತಿರಲಿಲ್ಲ, ಅದೊಂದು ಸಿಕ್ಕಿತು. ಆಟದಲ್ಲಿ ಏನೂ ಸಿಗಲಿಲ್ಲ.

ತಂಡ ಸೋತ ದಿನ ನನಗೆ ಊಟ ಸೇರುತ್ತಿತ್ತು. ಇದನ್ನು ಮೊದಲು ಕಂಡುಹಿಡಿದವಳೂ ಹೆಂಡತಿಯೇ. "ಇವತ್ತು ಸೋತ್ರೇನು? ಮೂರನೇ ರೊಟ್ಟಿ ಕೇಳಾಕ ಹತ್ತೀರಿ," ಎಂದಳು. ಆಮೇಲೆ ಸೋತ ದಿನಗಳಲ್ಲಿ ಬೇಕೆಂದೇ ಎರಡಕ್ಕೇ ಏಳುತ್ತಿದ್ದೆ. ಅಂಥ ದಿನಗಳು ಹೆಚ್ಚು ಬರಲಿಲ್ಲ.

ಹೀಗಿರುವಾಗ ಹಲಗೆ. ಮಧ್ಯಾಹ್ನ ಅಂಗಳದಲ್ಲಿ ಅದನ್ನು ಎರಡು ಅಂಡಿಗೆಗಳಿಗೆ ಒರಗಿಸಿ, ಕರಿ ಬಣ್ಣದ ಡಬ್ಬಿ ತೆರೆದು ಕೂತೆ. ನೂಲಿಗೆ ಮಸಿ ಹಚ್ಚಿ ನಾಲ್ಕು ಗೆರೆ ಹೊಡೆದುಕೊಂಡೆ. ಮೊದಲ ಗೆರೆಯ ಮೇಲೆ ಪಲ್ಟನ್ ಉಸ್ತಾದರು ಕೂತರು. ಎರಡನೆಯದರ ಮೇಲೆ ರೈಲು ದೊರೆ. ಅವರ ಹೆಸರು ಉದ್ದ, ಅಕ್ಷರ ಸಣ್ಣ ಮಾಡಬೇಕಾಯಿತು. ಮೂರನೆಯದಕ್ಕೆ ಕುಂಚ ಅದ್ದಿದೆ.

ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಆ ಸುಗ್ಗಿಯಲ್ಲಿ ಅಂಡಿಗೆಯ ಮೇಲೆ ಕೂತು ಚೆಂಡು ಕಟ್ಟಿದವನು ನಾನು, ಹನ್ನೊಂದು ಜನ ಬಂದು ಮುಟ್ಟಿದ್ದರು. ಆದರೆ 'ನೀನು' ಎಂದು ಬೆರಳು ಮಡಚಿ ಆ ಸಾಲನ್ನು ಕೊಟ್ಟವನು ಅವನು. ಅಂದು ಜಾಲಿ ಮುಳ್ಳಿನ ಸುಳ್ಳು ಕೊಟ್ಟ ಹಾಗೆ. ಬರೆದರೆ ಅದು ಅವನ ದಾನ. ಬೇಕೆಂದರೆ ನಾಲ್ಕನೇ ಗೆರೆಯ ಮೇಲೂ ನನ್ನ ಹೆಸರನ್ನೇ ಬರೆಯಬಹುದಿತ್ತು. ಅವನು ತಲೆಯ ಮೇಲೆ ಹೊತ್ತುಕೊಂಡು ಹೋಗಿ ಮೊಳೆ ಹೊಡೆಯುತ್ತಿದ್ದ. ಹೀಗೂ ಯೋಚಿಸಿದೆ, ಕುಂಚದ ಬಣ್ಣ ತೊಟ್ಟಿಕ್ಕುವವರೆಗೆ. ಕೊನೆಗೆ ಒಂದು ಸಾಲು ಜಾಗ ಬಿಟ್ಟು ಕೆಳಗೆ ಅವನ ಹೆಸರು ಬರೆದೆ, ನನಗೆ ಬರುವುದರಲ್ಲೇ ಒಳ್ಳೆಯ ಅಕ್ಷರದಲ್ಲಿ. ಕೆಟ್ಟದಾಗಿ ಬರೆಯಲು ಕೈ ಒಪ್ಪಲಿಲ್ಲ.

ಅವನು ಬಂದು ಎಣಿಸಿದ. ಓದು ಬರದಿದ್ದರೂ ಎಣಿಕೆ ಬರುತ್ತಿತ್ತು, ಕುರಿ ಎಣಿಸಿ ಬೆಳೆದವನು.

"ಇದು ನನ್ನದಾ?" ಬೆರಳು ತಾಗಿಸದೆ, ಅಕ್ಷರಗಳ ಮೇಲೆ ಗಾಳಿಯಲ್ಲೇ ಸವರಿದ. "ಇಷ್ಟು ಉದ್ದ ಐತಾ ನನ್ನ ಹೆಸರು? ಕರಿಯೋವಾಗ ಗೊತ್ತಾಗಾಂಗಿಲ್ಲ."

"ಹೂಂ."

"ನಡುವ ಒಂದು ಖಾಲಿ ಐತಲ್ಲಣ್ಣಾ?"

"ಬಣ್ಣ ತೀರ್ತು."

ಅವನು ಡಬ್ಬಿ ಎತ್ತಿ ಅಲ್ಲಾಡಿಸಿದ. ಒಳಗೆ ಬಣ್ಣ ಕುಲುಕಿದ್ದು ಇಬ್ಬರಿಗೂ ಕೇಳಿಸಿತು. ಅಂದು ಗೀರು ನೋಡಿದ ಹಾಗೆಯೇ ನನ್ನನ್ನು ನೋಡಿದ. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ.

"ಹಂಗಾರ ಇರಲಿ ಬಿಡು," ಎಂದು ಹಲಗೆ ಎತ್ತಿಕೊಂಡು ಹೋದ.

ಖಾಲಿ ಸಾಲು ನೋಡಿ ಜನ ಕೇಳುತ್ತಾರೆ, ಆಗ ನಾನು ಹೇಳುತ್ತೇನೆ ಎಂಬುದು ನನ್ನ ಲೆಕ್ಕ. ಹೆಸರಿಗಿಂತ ಖಾಲಿ ಜಾಗ ಹೆಚ್ಚು ಮಾತಾಡಿಸುತ್ತದೆ. ಬಹಳ ದಿನ ಕಾಯಬೇಕಾಗಲಿಲ್ಲ. ಬಳ್ಳಾರಿ ತಂಡದ ಉಸ್ತಾದರು ಏನೋ ಕೆಲಸಕ್ಕೆ ಬಂದವರು ಹಲಗೆ ನೋಡಿ, "ಇಲ್ಲಿ ಯಾರದೋ ಬಿಟ್ಟುಹೋಗೈತಲ್ಲರಿ?" ಎಂದರು. ನಾನು ಬಾಯಿ ತೆರೆದೆ. ಅವನೇ ಮುಂದಾದ.

"ಬಿಟ್ಟಿಲ್ಲರಿ. ಆ ವರ್ಷ ನಮ್ಮ ಅಣ್ಣ ಇದ್ದ, ಇಗೋ ಇಲ್ಲೇ ನಿಂತಾನ. ನನ್ನ ಹೆಸರು ಬ್ಯಾಡಲೇ ಅಂದು ತಾನ ಖಾಲಿ ಬಿಟ್ಟಾನ. ಇಂಥಾ ಮಂದಿ ಎಲ್ಲಿ ಸಿಗತಾರ ಹೇಳ್ರಿ."

ಬಳ್ಳಾರಿಯವರು ನನ್ನ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದರು. ನಾನೂ ಮುಗಿದೆ. ಅವನ ಮುಖ ನೋಡಿದೆ. ಅಣಕ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ.

ಖಾಲಿ ಸಾಲೂ ಅವನೇ ಕೊಟ್ಟದ್ದಾಯಿತು.

ಅಂಗಳಕ್ಕೆ ವಾಪಸು ಬಂದೆ. ಹೊಲಿದು ಮುಗಿಸಿದ ಅಂಡಿಗೆಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಅದೇ ಡಬ್ಬಿ ತೆರೆದು ಮಾರ್ಕಾ ಬರೆಯುತ್ತ ಹೋದೆ. ಬಣ್ಣ ಸಂಜೆಯವರೆಗೂ ತೀರಲಿಲ್ಲ.